ಹೋಗನ್‌ಗೆ ಬೂ ಅಂದವರು ಯಾರು? ಕುಸ್ತಿ ಬಗ್ಗೆ ಬರೆಯುವ ತಂಗಿಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಬಸ್ಸಿನಲ್ಲಿ, ಎರಡನೇ ಸಲ ಕೈಯಲ್ಲಿ ಪೆನ್ನು ಹಿಡಿದು. ಮೊದಲು ಹೊಡೆದು ಹಾಕಿದ್ದು ತಲೆಬರಹವನ್ನೇ: ‘ಹಲ್ಕ್ ಹೋಗನ್, ಒಂದು ದಂತಕಥೆಯ ಪತನ’. ಬೇಜಾರು ಮಾಡ್ಕೋಬೇಡ. ಲೇಖನದಲ್ಲಿ ಜೀವ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸುಮಾರಾಗಿದ್ದರೆ ‘ಚೆನ್ನಾಗಿದೆ’ ಅಂತ ಒಂದು ಮೆಸೇಜ್ ಹಾಕಿ ಸುಮ್ಮನಾಗುತ್ತಿದ್ದೆ.

ಅಮೆರಿಕದ ಟಿವಿ ಕುಸ್ತಿಯ ಆ ಹಳದಿ ಮೀಸೆಯವನಿಗೆ ನಾನೂ ಭಕ್ತನೇ. ಶಾಲೆಯಲ್ಲಿ ನಮ್ಮ ಹತ್ತಿರ ಕುಸ್ತಿಯವರ ಟ್ರಂಪ್ ಕಾರ್ಡುಗಳಿದ್ದವು. ರ‍್ಯಾಂಕ್, ಹೈಟ್, ವೇಯ್ಟ್, ಚೆಸ್ಟ್, ಬೈಸೆಪ್ಸ್. ಇಷ್ಟು ಗೊತ್ತಿದ್ದರೆ ಒಬ್ಬ ಮನುಷ್ಯನ ಬಗ್ಗೆ ಎಲ್ಲ ಗೊತ್ತಾದ ಹಾಗೆ. ಅಂಡರ್‌ಟೇಕರ್ ಸತ್ತು ಎದ್ದು ಬರುತ್ತಾನೆ ಅಂತ ನಂಬಿದ್ದ ವಯಸ್ಸು ಅದು. ಹೋಗನ್ ಒಳ್ಳೆಯವನು, ಐರನ್ ಶೇಖ್ ಕೆಟ್ಟವನು, ಮುಗೀತು.

ನಿನ್ನ ಲೇಖನ ಹೀಗೆ ಸಾಗುತ್ತದೆ: 1987ರಲ್ಲಿ ಆಂಡ್ರೆ ದ ಜೈಂಟ್‌ನನ್ನು ಎತ್ತಿ ಒಗೆದು ಹೀರೊ ಆದ, 2015ರಲ್ಲಿ ಕಪ್ಪು ಜನರನ್ನು ಹೀನಾಯವಾಗಿ ಬೈದ ಟೇಪಿನ ಮಾತುಗಳು ಹೊರಬಂದು ಬಿದ್ದ, 2018ರಲ್ಲಿ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಇ ವಾಪಸ್ ಕರೆದುಕೊಂಡಿತು, ಎದ್ದ, 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಜನ ಬೂ ಅಂತ ಕೂಗಿ ಹೀಯಾಳಿಸಿದರು, ಮತ್ತೆ ಬಿದ್ದ, ಜುಲೈನಲ್ಲಿ ತೀರಿಕೊಂಡ. ಒಂದು ತಾರೀಕೂ ತಪ್ಪಿಲ್ಲ. ಆದರೆ ಓದುತ್ತಾ ಓದುತ್ತಾ ನನಗೆ ಷೇರು ಪೇಟೆಯ ಸುದ್ದಿ ಕೇಳಿದ ಹಾಗಾಯಿತು.

ನನ್ನ ಪ್ರಶ್ನೆ ಇಷ್ಟೇ. ಆ ಮಾತುಗಳು ಹೊರಬಂದ ದಿನ ಹೋಗನ್ ಬದಲಾದನಾ? ಆಡಿದ್ದು ಅದಕ್ಕೂ ಎಷ್ಟೋ ವರ್ಷ ಮೊದಲು. 2015ರ ಜುಲೈ 24ರಂದು ಕಂಪನಿ ಅವನ ಕಾಂಟ್ರಾಕ್ಟ್ ಹರಿದು ಹಾಕಿದಾಗ, ಅವನು ಹಿಂದಿನ ದಿನ ಇದ್ದ ಮನುಷ್ಯನೇ ಆಗಿದ್ದ. (ಸತ್ತದ್ದು ಸರಿಯಾಗಿ ಹತ್ತು ವರ್ಷಕ್ಕೆ, ಅದೇ ಜುಲೈ 24ಕ್ಕೆ. ಇದನ್ನು ವಿಧಿಯಾಟ ಅಂತ ಮಾತ್ರ ಬರೆಯಬೇಡ. ತಾರೀಕು ಕೊಟ್ಟು ಸುಮ್ಮನಿರು, ಓದುವವರಿಗೆ ಲೆಕ್ಕ ಬರುತ್ತದೆ.) ಆವತ್ತು ಬದಲಾದದ್ದು ನಮಗೆ ಗೊತ್ತಿದ್ದ ವಿಷಯ. ಅದನ್ನು ನೀನು ಅವನ ಪತನ ಅಂತ ಬರೆದಿದ್ದೀಯ.

ಹತ್ತಿರದವರಿಗೆ ಬೇರೆ ಹೋಗನ್ ಮೊದಲೇ ಗೊತ್ತಿದ್ದ. 1986ರಲ್ಲಿ ಅವನ ಜೊತೆಯ ಕುಸ್ತಿಪಟು ಜೆಸ್ಸಿ ವೆಂಚುರಾ ಲಾಕರ್ ರೂಮಿನಲ್ಲಿ ಎದ್ದು ನಿಂತು, ನಾವೆಲ್ಲ ಸೇರಿ ಯೂನಿಯನ್ ಕಟ್ಟೋಣ ಅಂದ. ಆ ಸುದ್ದಿ ಧಣಿ ವಿನ್ಸ್ ಮೆಕ್‌ಮಹನ್ ಕಿವಿಗೆ ಬಿತ್ತು. ಮುಟ್ಟಿಸಿದವನು ಹೋಗನ್ ಅಂತ ವೆಂಚುರಾಗೆ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ, ರಾಯಲ್ಟಿ ಹಣಕ್ಕಾಗಿ ಕಂಪನಿ ಮೇಲೆ ಹಾಕಿದ್ದ ಕೇಸಿನಲ್ಲಿ. ಅದೇ ವೆಂಚುರಾ ಮುಂದೆ ಮಿನೆಸೋಟದ ಗವರ್ನರ್ ಆದ ಅನ್ನೋದು ಬೇರೆ ಕತೆ. ಇನ್ನು ಮಕ್ಕಳಿಗೆ ‘ಪ್ರಾರ್ಥನೆ ಮಾಡಿ, ವಿಟಮಿನ್ ತಿನ್ನಿ’ ಅಂತಿದ್ದ ಹೋಗನ್, 1991ರಲ್ಲಿ ಟಿವಿ ಶೋನಲ್ಲಿ ಕೂತು, ಸ್ಟೀರಾಯ್ಡ್ ತಗೊಂಡಿದ್ದು ಗಾಯಕ್ಕೆ ಔಷಧಿ ಅಂತ ಮಾತ್ರ ಅಂದ. 1994ರಲ್ಲಿ ಕೋರ್ಟಿನಲ್ಲಿ ಪ್ರಮಾಣ ಮಾಡಿ, ವರ್ಷಗಟ್ಟಲೆ ತಗೊಂಡೆ ಅಂದ. ಇವೆರಡೂ ನಿನ್ನ ಲೇಖನದಲ್ಲಿ ಇಲ್ಲ. ಇದ್ದಿದ್ದರೆ ‘ಪತನ’ ಅನ್ನೋ ಪದ ತಾನಾಗೇ ಉದುರಿ ಹೋಗುತ್ತಿತ್ತು.

ಈ ಆಟದಲ್ಲಿ ಇನ್ನೊಂದು ತೊಡಕಿದೆ, ಗೆಲುವು ಸೋಲು ಮೊದಲೇ ಬರೆದಿಟ್ಟ ನಾಟಕ ಇದು. ಬೇರೆ ಆಟಗಾರರಿಗೆ ಒಂದೇ ಹೆಸರು, ಇವರಿಗೆ ಎರಡೆರಡು. ನಮ್ಮ ಕಡೆ ಯಕ್ಷಗಾನದಲ್ಲಿ ಬಣ್ಣದ ವೇಷದವನು ರಂಗದಲ್ಲಿ ಅಬ್ಬರಿಸಿ, ಚೌಕಿಗೆ ಬಂದು ಬಣ್ಣ ತೆಗೆದು ಚಹಾ ಕೇಳುತ್ತಾನೆ, ಆಗ ಯಾರೂ ಅವನನ್ನು ರಾಕ್ಷಸ ಅನ್ನುವುದಿಲ್ಲ. ಕುಸ್ತಿಯವರಿಗೆ ಆ ಚೌಕಿಯೇ ಇರಲಿಲ್ಲ. ಊರೂರು ತಿರುಗುವಾಗಲೂ, ಹೋಟೆಲಿನಲ್ಲೂ, ವೇಷ ಹಾಕಿಕೊಂಡೇ ಇರಬೇಕು. ಇದಕ್ಕೆ ಅವರ ಮಾತಲ್ಲಿ ಕೇಫೇಬ್ ಅಂತಾರೆ. ಒಳ್ಳೆಯವನ ಪಾತ್ರ ಬೇಬಿಫೇಸ್, ಕೆಟ್ಟವನದು ಹೀಲ್. 1987ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಪೊಲೀಸರು ಒಂದು ಕಾರು ನಿಲ್ಲಿಸಿದರು. ಒಳಗೆ ಐರನ್ ಶೇಖ್ ಮತ್ತು ಜಿಮ್ ಡಗ್ಗನ್, ಜೊತೆಗೆ ಮಾದಕ ವಸ್ತು. ರಿಂಗಿನಲ್ಲಿ ಅವರಿಬ್ಬರೂ ಬದ್ಧ ವೈರಿಗಳು. ಡ್ರಗ್ಸ್‌ಗಿಂತ ಜಾಸ್ತಿ ಮಾನ ಹೋದದ್ದು ಇಬ್ಬರೂ ಒಂದೇ ಕಾರಿನಲ್ಲಿ ಇದ್ದದ್ದಕ್ಕೆ! ಕಂಪನಿ ಇಬ್ಬರನ್ನೂ ಮನೆಗೆ ಕಳಿಸಿತು. ಯಾವ ತಪ್ಪಿಗೆ ಯಾರ ಕಣ್ಣಲ್ಲಿ ಬೆಲೆ ಇಳಿಯಿತು ಅಂತ ಆ ಕಾಲದ ಲೆಕ್ಕದಲ್ಲೇ ನೋಡು, ಇವತ್ತಿನ ಲೆಕ್ಕ ಆಮೇಲೆ.

ಹಾಗಂತ ಮನುಷ್ಯರು ಬದಲಾಗುವುದೇ ಇಲ್ಲ ಅಂತಲ್ಲ. ಇನ್ನೊಬ್ಬ ಕುಸ್ತಿಪಟು ಶಾನ್ ಮೈಕಲ್ಸ್ ಬಗ್ಗೆ ಬರೆಯುವ ದಿನ ಬಂದರೆ ನನ್ನ ಈ ಅನುಮಾನವನ್ನೆಲ್ಲ ಪಕ್ಕಕ್ಕಿಡು. ತೊಂಬತ್ತರ ದಶಕದಲ್ಲಿ ಅವನ ಜೊತೆ ಕೆಲಸ ಮಾಡಿದ ಎಷ್ಟೋ ಜನಕ್ಕೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ, ಹೇಳದೆ ಕೇಳದೆ ಪಂದ್ಯದ ಫಲಿತಾಂಶ ತಿರುಗಿಸಿ ಬ್ರೆಟ್ ಹಾರ್ಟ್‌ನ ಚಾಂಪಿಯನ್ ಬೆಲ್ಟ್ ಕಿತ್ತುಕೊಂಡರಲ್ಲ, ಆವತ್ತು ರಾತ್ರಿ ಮೈಕಲ್ಸ್ ಬ್ರೆಟ್ ಎದುರು ನಿಂತು, ನನಗೇನೂ ಗೊತ್ತಿರಲಿಲ್ಲ ಅಂತ ದೇವರಾಣೆ ಹಾಕಿದ್ದ. ಗೊತ್ತಿತ್ತು ಅಂತ ಆಮೇಲೆ ಅವನೇ ಒಪ್ಪಿಕೊಂಡ. 1998ರಲ್ಲಿ ಬೆನ್ನಿಗೆ ಪೆಟ್ಟಾಗಿ ಆಟ ಬಿಟ್ಟ. ನಾಲ್ಕು ವರ್ಷ ಮನೆ, ಮದುವೆ, ಮಗು, ಚರ್ಚು. 2002ರಲ್ಲಿ ವಾಪಸ್ ಬಂದವನು ಬೇರೆಯದೇ ಮನುಷ್ಯ ಅಂತ ಸಹೋದ್ಯೋಗಿಗಳೇ ಹೇಳಿದರು. 2010ರ ಜನವರಿ 4ರಂದು ಬ್ರೆಟ್ ಮತ್ತೆ ಅದೇ ಕಂಪನಿಯ ರಿಂಗಿಗೆ ಬಂದ, ಇಬ್ಬರೂ ಕೈಕುಲುಕಿ ಅಪ್ಪಿಕೊಂಡರು.

ಆ ಅಪ್ಪುಗೆ ನಿಜವಾ, ಸ್ಕ್ರಿಪ್ಟಾ? ಎರಡೂ. ಕ್ಯಾಮೆರಾ ಇತ್ತು, ಟಿಕೆಟ್ ಮಾರಾಟವೂ ಆಗಿತ್ತು. ಹಾಗಾಗಿ ಆ ಒಂದು ರಾತ್ರಿಯನ್ನು ಸಾಕ್ಷಿ ಮಾಡಿಕೊಳ್ಳಬೇಡ. ಅವನು ಆಟ ಬಿಟ್ಟಿದ್ದ ನಾಲ್ಕು ವರ್ಷದ ಬಗ್ಗೆ, ಅವನಿಂದ ಏಟು ತಿಂದವರು ಏನು ಹೇಳಿದರು ಅದನ್ನು ಹುಡುಕು. ಬ್ರೆಟ್ ಕ್ಷಮಿಸಿದ ಅನ್ನೋದು ದೊಡ್ಡ ಸಾಕ್ಷಿ, ಯಾಕೆಂದರೆ ಬ್ರೆಟ್ ಸುಲಭಕ್ಕೆ ಕ್ಷಮಿಸುವ ಪೈಕಿ ಅಲ್ಲ.

ಮೂರನೇ ಥರದ್ದೊಂದಿದೆ, ಅಲ್ಲಿ ಮನುಷ್ಯನೂ ಬದಲಾಗಿರುವುದಿಲ್ಲ, ಹೊಸ ವಿಷಯವೂ ಹೊರಬಂದಿರುವುದಿಲ್ಲ, ಕಂಪನಿಯ ಗರಜು ಬದಲಾಗಿರುತ್ತದೆ. 2014ರ ಏಪ್ರಿಲ್ 5ರ ರಾತ್ರಿ ನ್ಯೂ ಆರ್ಲಿಯನ್ಸ್‌ನಲ್ಲಿ ಹಳೇ ಕುಸ್ತಿಪಟುಗಳನ್ನು ಗೌರವಿಸುವ ಹಾಲ್ ಆಫ್ ಫೇಮ್ ಸಮಾರಂಭ. ಒಂದೇ ವೇದಿಕೆ ಮೇಲೆ ಜೇಕ್ ರಾಬರ್ಟ್ಸ್, ಸ್ಕಾಟ್ ಹಾಲ್, ಅಲ್ಟಿಮೇಟ್ ವಾರಿಯರ್. ಮೊದಲ ಇಬ್ಬರು ಕುಡಿತ, ಡ್ರಗ್ಸ್‌ಗಳಿಂದ ಸಾವಿನ ಬಾಗಿಲು ತಟ್ಟಿ ಬಂದವರು. ಹಳೇ ಗೆಳೆಯ ಡೈಮಂಡ್ ಡಲ್ಲಾಸ್ ಪೇಜ್ 2012ರಲ್ಲಿ ಜೇಕ್‌ನನ್ನು, ಮುಂದಿನ ವರ್ಷ ಹಾಲ್‌ನನ್ನು ಅಟ್ಲಾಂಟಾದ ತನ್ನ ಮನೆಗೇ ಕರೆದುಕೊಂಡು ಬಂದು ಇಟ್ಟುಕೊಂಡ, ಯೋಗ ಮಾಡಿಸಿದ, ಬೈದ, ಮತ್ತೆ ಕುಡಿದು ಬಂದಾಗಲೂ ಹೊರಗೆ ಹಾಕಲಿಲ್ಲ. ಅವರ ಹೆಸರು ಸುಧಾರಿಸಿದ್ದಕ್ಕೆ ಒಂದು ವಿಳಾಸ ಇದೆ, ಒಂದು ಮನೆ ಇದೆ.

ವಾರಿಯರ್? 2005ರಲ್ಲಿ ಇದೇ ಕಂಪನಿ ಅವನ ಮೇಲೆ ಒಂದು ಡಿವಿಡಿ ತಂದಿತ್ತು. ಅದರ ಹೆಸರಲ್ಲೇ ‘ಸ್ವಯಂನಾಶ’ ಅಂತಿತ್ತು, ಜೊತೆಯಲ್ಲಿ ಆಡಿದವರನ್ನು ಕೂರಿಸಿ ಉದ್ದಕ್ಕೂ ಬೈಸಿತ್ತು. ಒಂಬತ್ತು ವರ್ಷಕ್ಕೆ ಅವನೇ ಆ ರಾತ್ರಿಯ ಮುಖ್ಯ ಅತಿಥಿ. ಭಾಷಣದಲ್ಲಿ ಅವನು, ತೆರೆಮರೆಯಲ್ಲಿ ದುಡಿಯುವ ಕೆಲಸಗಾರರಿಗೆ ಒಂದು ಪ್ರಶಸ್ತಿ ಕೊಡಿ ಅಂದ. ಮೂರು ದಿನಕ್ಕೆ ತೀರಿಕೊಂಡ. ಮರುವರ್ಷ ಕಂಪನಿ ವಾರಿಯರ್ ಪ್ರಶಸ್ತಿ ಶುರು ಮಾಡಿತು, ಆದರೆ ಕೆಲಸಗಾರರಿಗಲ್ಲ, ಕಾಯಿಲೆ ಕಷ್ಟಗಳನ್ನು ಧೈರ್ಯದಿಂದ ಎದುರಿಸಿದವರಿಗೆ. ಪ್ರಶಸ್ತಿ ಪಡೆದವರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಸಲಿಂಗಿಗಳ ಬಗ್ಗೆ ಕಾಲೇಜಿನಲ್ಲಿ ನಿಂತು ಕೆಟ್ಟದಾಗಿ ಮಾತಾಡಿದ್ದ ಅದೇ ವಾರಿಯರ್ ಈಗ ಕರುಣೆಯ ಗುರುತಾದ. ಇದನ್ನು ಯಾರು ಬರೆದರು, ಯಾವ ಪೆನ್ನಿನಲ್ಲಿ ಬರೆದರು ಅಂತ ಕೇಳಬೇಕಾದವಳು ನೀನು.

2018ರಲ್ಲಿ ಹಳೇ ಕಾಲದ ಕುಸ್ತಿಪಟು ಫ್ಯಾಬ್ಯುಲಸ್ ಮೂಲಾ ಹೆಸರಿನಲ್ಲಿ ಹೆಂಗಸರ ಪಂದ್ಯ ಇಟ್ಟರು. ತನ್ನ ಹತ್ತಿರ ಕಲಿತ ಹುಡುಗಿಯರ ಸಂಪಾದನೆಯಲ್ಲಿ ದೊಡ್ಡ ಪಾಲು ಕಿತ್ತುಕೊಳ್ಳುತ್ತಿದ್ದಳು, ಇನ್ನೂ ಕೆಟ್ಟ ಕೆಲಸಕ್ಕೆ ನೂಕಿದಳು ಅಂತ ಆ ಹಳೇ ಕುಸ್ತಿಯ ಹೆಂಗಸರಲ್ಲಿ ಕೆಲವರು ಎಂದೋ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈ ಸಲ ಅಭಿಮಾನಿಗಳು ಗಲಾಟೆ ಎಬ್ಬಿಸಿದರು, ಪ್ರಾಯೋಜಕರಾಗಿದ್ದ ಸ್ನಿಕರ್ಸ್‌ನವರು ಅಸಮಾಧಾನ ತೋರಿಸಿದರು, ಕೆಲವೇ ದಿನದಲ್ಲಿ ಹೆಸರು ಹೋಯಿತು. ಆ ಹೆಂಗಸರ ಮಾತಿಗೆ ಆಗದ ಕೆಲಸ ಒಂದು ಚಾಕಲೇಟಿಗೆ ಆಯಿತು ನೋಡು.

ಈಗ ಬರೆಯಲು ನನಗೇ ಕಷ್ಟ ಆಗುವ ಹೆಸರು. ಕ್ರಿಸ್ ಬೆನ್ವಾ. (ನಾವು ಬೆನಾಯ್ಟ್ ಅಂತಿದ್ದೆವು, ಇಂಗ್ಲಿಷ್ ಅಕ್ಷರ ಇದ್ದ ಹಾಗೆ.) 2004ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಚಾಂಪಿಯನ್ ಆಗಿ ಗೆಳೆಯ ಎಡ್ಡಿ ಗುರೆರೋನ ಜೊತೆ ಅಪ್ಪಿಕೊಂಡು ಅತ್ತಾಗ ನಾನೂ ಅತ್ತಿದ್ದೆ, ಡಿಗ್ರಿ ಓದುತ್ತಿದ್ದ ಹುಡುಗ. 2007ರ ಜೂನ್‌ನಲ್ಲಿ ಜಾರ್ಜಿಯಾದ ಮನೆಯಲ್ಲಿ ಅವನು ಹೆಂಡತಿ ನ್ಯಾನ್ಸಿಯನ್ನೂ 7 ವರ್ಷದ ಮಗನನ್ನೂ ಕೊಂದು, ತಾನೂ ಸತ್ತ. ಶವ ಸಿಕ್ಕ ಜೂನ್ 25ರ ರಾತ್ರಿ ಟಿವಿಯಲ್ಲಿ ಏನು ನಡೆಯಿತು ಗೊತ್ತಾ? ಅದಕ್ಕೆ ಎರಡು ವಾರ ಮೊದಲು ಮೆಕ್‌ಮಹನ್ ಕಾರು ಸ್ಫೋಟದಲ್ಲಿ ಸತ್ತ ಅಂತ ಒಂದು ನಾಟಕ ಶುರು ಮಾಡಿದ್ದರು. ‘ಸತ್ತ’ ಮೆಕ್‌ಮಹನ್ ಆ ರಾತ್ರಿ ಖಾಲಿ ಅಖಾಡದ ನಡುವೆ ನಿಂತು, ಅದು ಕತೆ, ಬೆನ್ವಾ ಸಾವು ನಿಜ ಅಂದ. ಮೂರು ಗಂಟೆ ಶ್ರದ್ಧಾಂಜಲಿ. ಕೊಂದವನು ಅವನೇ ಅಂತ ಆಮೇಲೆ ತಿಳಿಯಿತು. ಮರುದಿನ ಅದೇ ಮೆಕ್‌ಮಹನ್, ಇನ್ನು ಅವನ ಹೆಸರು ಎತ್ತುವುದಿಲ್ಲ ಅಂದ.

ಒಂದೇ ದಿನದಲ್ಲಿ ಒಬ್ಬನ ಹೆಸರು ಹೀಗೆ ತಿರುಗಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಆಮೇಲೆ ಮೆದುಳು ಪರೀಕ್ಷೆ ಮಾಡಿದ ಡಾಕ್ಟರುಗಳು, ಇದು 85 ವರ್ಷದ ಅಲ್ಝೈಮರ್ ರೋಗಿಯ ಮೆದುಳಿನ ಹಾಗಿದೆ ಅಂದರು. ಅವನಿಗಾಗ 40 ವರ್ಷ. ತಲೆಗೆ ಬಿದ್ದ ಆ ಏಟುಗಳನ್ನೆಲ್ಲ ನಾವೇ ಚಪ್ಪಾಳೆ ತಟ್ಟಿ ನೋಡಿದ್ದೆವು. ಆದರೆ ಈ ವಿಷಯ ಬರೆಯುವಾಗ ಹುಷಾರು. ಹೆಚ್ಚಿನ ಲೇಖನಗಳು ಅವನ ಮೆದುಳಿನ ಬಗ್ಗೆ ನಾಲ್ಕು ಪುಟ ಬರೆದು, ನ್ಯಾನ್ಸಿಗೆ ಒಂದು ಸಾಲು ಕೊಡುತ್ತವೆ. ಅವಳೂ ಕುಸ್ತಿ ಲೋಕದವಳೇ, ‘ವುಮನ್’ ಅನ್ನುವ ಹೆಸರಿನಲ್ಲಿ ವರ್ಷಗಟ್ಟಲೆ ಟಿವಿಯಲ್ಲಿ ಇದ್ದವಳು. ಅವಳಿಗೆ ಮೊದಲ ಪ್ಯಾರಾ ಕೊಡು. ಆಮೇಲೆ ಮೆದುಳು.

ಬುದ್ಧಿ ಹೇಳುವ ನಾನೇನು ಕಡಿಮೆ ತಪ್ಪು ಮಾಡಿಲ್ಲ. ಅದೇ 2007ರ ಜುಲೈನಲ್ಲಿ ದಿ ಗ್ರೇಟ್ ಖಲಿ ವರ್ಲ್ಡ್ ಹೆವಿವೇಯ್ಟ್ ಚಾಂಪಿಯನ್ ಆದ. ಹಿಮಾಚಲದ ಹಳ್ಳಿಯ ದಲೀಪ್ ಸಿಂಗ್ ರಾಣಾ, ಪಂಜಾಬ್ ಪೊಲೀಸ್, ಏಳಡಿ ಎತ್ತರ. ಒಂದು ವಾರಪತ್ರಿಕೆಗೆ ಎರಡು ಪುಟ ಹೆಮ್ಮೆಯಿಂದ ಬರೆದೆ, ‘ನಮ್ಮವನು’ ಅನ್ನೋ ಪದ ಎಷ್ಟು ಸಲ ಬಂದಿತ್ತೋ. 2001ರಲ್ಲಿ ಕ್ಯಾಲಿಫೋರ್ನಿಯಾದ ತರಬೇತಿ ಶಾಲೆಯಲ್ಲಿ ಇವನ ಜೊತೆ ಅಭ್ಯಾಸ ಮಾಡುವಾಗ ತಲೆಗೆ ಪೆಟ್ಟಾಗಿ ಒಬ್ಬ ಹುಡುಗ ಸತ್ತಿದ್ದ. 2005ರಲ್ಲಿ ಕೋರ್ಟು, ತಪ್ಪು ಶಾಲೆಯದು ಅಂತ ಆ ಕುಟುಂಬಕ್ಕೆ 13 ಲಕ್ಷ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಿಸಿತು. ಖಲಿ ಮೇಲೆ ಕ್ರಿಮಿನಲ್ ಕೇಸ್ ಆಗಲಿಲ್ಲ, ಅದನ್ನೂ ಸೇರಿಸಿಯೇ ಬರೆಯಬೇಕಿತ್ತು. ಬರೆಯಲಿಲ್ಲ. ನನಗೆ ಆಗ ಇದು ಗೊತ್ತಿತ್ತು ತಂಗಿ, ಹಬ್ಬದ ಊಟದಲ್ಲಿ ಯಾಕೆ ಕಲ್ಲು ಅಂತ ಬಿಟ್ಟೆ. ಹದಿನೆಂಟು ವರ್ಷ ಆಯಿತು, ಆ ಲೇಖನದ ಕಟಿಂಗ್ ಫೈಲಿನಲ್ಲಿದೆ, ತೆಗೆದು ಓದಲು ಮನಸ್ಸಾಗುವುದಿಲ್ಲ.

ಸರಿ, ನಿನ್ನ ಹೋಗನ್‌ಗೆ ವಾಪಸ್. ಲಾಸ್ ಏಂಜಲೀಸ್‌ನ ಆ ಬೂ ಬಗ್ಗೆ ನೀನು ಬರೆದದ್ದು ಒಂದೇ ಸಾಲು: ‘ಅಭಿಮಾನಿಗಳು ಕ್ಷಮಿಸಲಿಲ್ಲ’. ಅಲ್ಲೇ ಇದೆ ನಿನ್ನ ಲೇಖನ. 2025ರ ಜನವರಿ 6, ಕಂಪನಿಯ ವಾರದ ಶೋ ‘ರಾ’ ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾದ ಮೊದಲ ರಾತ್ರಿ. ಹೋಗನ್ ಬಂದದ್ದು ಜೊತೆಗೆ ತನ್ನ ಬಿಯರ್ ಬ್ರಾಂಡಿನ ಪ್ರಚಾರಕ್ಕೂ. ಅದಕ್ಕೆ ಆರು ತಿಂಗಳ ಹಿಂದೆ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ ಅಂಗಿ ಹರಿದುಕೊಂಡು ಟ್ರಂಪ್ ಪರ ಕೂಗಿದ್ದ. 2018ರಲ್ಲಿ ಕುಸ್ತಿಯವರ ಮುಂದೆ ಕ್ಷಮೆ ಕೇಳುವಾಗ, ಯಾರಾದರೂ ರೆಕಾರ್ಡ್ ಮಾಡುತ್ತಿರುತ್ತಾರೆ, ಹುಷಾರಾಗಿರಿ ಅನ್ನುವ ಹಾಗೆ ಮಾತಾಡಿದ ಅಂತ ವರದಿಯಾಗಿತ್ತು, ನಿಜವಾದ ಪಶ್ಚಾತ್ತಾಪ ಕಾಣಲಿಲ್ಲ ಅಂತ ಕುಸ್ತಿಪಟು ಟೈಟಸ್ ಓನೀಲ್ ಬಹಿರಂಗವಾಗಿಯೇ ಹೇಳಿದ್ದ. ಹಾಗಾದರೆ ಆ ರಾತ್ರಿ ಬೂ ಅಂದದ್ದು ಟೇಪಿಗಾ, ಟ್ರಂಪ್‌ಗಾ, ಬಿಯರ್‌ಗಾ? ಪಕ್ಕದವನು ಅಂದ ಅಂತ ಅಂದವರೂ ಇರುತ್ತಾರೆ. ಶಬ್ದ ಒಂದೇ, ಒಳಗೆ ಹತ್ತು ಥರದ ಜನ. ಅವರನ್ನು ಬಿಡಿಸಿ ನೋಡು. ಸತ್ತ ಮೇಲೆ ಅದೇ ಜನರಲ್ಲಿ ಎಷ್ಟೋ ಮಂದಿ ಹಳೇ ಫೋಟೊ ಹಾಕಿ ಕಣ್ಣೀರು ಹಾಕಿದರು. ಅವರನ್ನು ಅಣಕಿಸಬೇಡ. ನಾನೂ ಹಾಕಿದೆ.

ತಲೆಬರಹ ಕೊನೆಯಲ್ಲಿ ಇಡು. ವೆಂಚುರಾ, ಸ್ಟೀರಾಯ್ಡ್ ಎರಡೂ ಒಳಗೆ ಬರಲಿ. ಆಂಡ್ರೆಯನ್ನು ಎತ್ತಿದ ಪಂದ್ಯದ 93,173 ಜನ ಅನ್ನೋದು ಕಂಪನಿ ಹೇಳಿದ ಲೆಕ್ಕ, ‘ಕಂಪನಿ ಪ್ರಕಾರ’ ಅಂತ ಸೇರಿಸು. ಭಾನುವಾರದೊಳಗೆ ಕಳಿಸಿದರೆ ಓದುತ್ತೇನೆ, ಸೋಮವಾರ ಊರಿಗೆ ಹೋಗುತ್ತಿದ್ದೇನೆ, ಅಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು.

ನಿನ್ನ ಅಣ್ಣ