ಬಿಸಿಲಿಗೆ ಮೊದಲು ಮನೋರೋಗ ವಾರ್ಡ್‌ ನೋಡಿ

ಮಾನ್ಯರೆ,

ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುವುದು ಹೊಸತಲ್ಲ. ಮನೋರೋಗ ವಾರ್ಡಿನಲ್ಲಿ ರೋಗಿಯ ರಂಪಾಟ ಎಲ್ಲರ ಕಣ್ಣಿಗೆ ಬೀಳುತ್ತದೆ, ಖಾಲಿಯಾದ ನೀರಿನ ಕ್ಯಾನ್ ಬೀಳುವುದಿಲ್ಲ.

ಮನಸ್ಸಿನ ವಿಪರೀತ ಏರಿಳಿತದ (ಬೈಪೋಲಾರ್) ಕಾಯಿಲೆಗೆ ಲಿಥಿಯಂ ಮಾತ್ರೆ ನುಂಗುವವರು ಬೆವರಿ ನೀರು, ಉಪ್ಪು ಕಳೆದುಕೊಂಡರೆ ಮೂತ್ರದಲ್ಲಿ ಹೋಗಬೇಕಾದ ಲಿಥಿಯಂ ರಕ್ತದಲ್ಲೇ ಉಳಿಯುತ್ತದೆ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕಾದ್ದು 1.5 ದಾಟಿದರೆ ವಿಷ. ಕೈ ಜೋರಾಗಿ ನಡುಗುತ್ತದೆ, ಮಾತು ತೊದಲುತ್ತದೆ, ವಾಂತಿ-ಭೇದಿ ಶುರುವಾಗುತ್ತದೆ. ಮೈಕೈ ನೋವಿಗೆಂದು ಡೈಕ್ಲೋಫೆನಾಕ್ ಕೊಟ್ಟರಂತೂ ಮಟ್ಟ ಇನ್ನೂ ಏರುತ್ತದೆ. ಕೈಕಾಲು ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರನ್ನೇ ತಗ್ಗಿಸುತ್ತದೆ, ಮೈ ತಣಿಯುವುದಿಲ್ಲ. ಆಗ ಬರುವ ಗೊಂದಲ, ಚಡಪಡಿಕೆಯನ್ನು ‘ಕಾಯಿಲೆ ಕೆರಳಿದೆ’ ಎಂದು ತಿಳಿದು ಮಂಚಕ್ಕೆ ಕಟ್ಟಿದರೆ ಆ ಮನುಷ್ಯ ಲೋಟಕ್ಕೆ ಕೈ ಚಾಚಲೂ ಆಗದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಸರಪಳಿಗೂ ಒಂಟಿ ಕೋಣೆಗೂ ಜಾಗವಿಲ್ಲ. ಕಟ್ಟುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಅನುಮತಿಯಿಂದ. ‘ಸಿಬ್ಬಂದಿ ಇಲ್ಲ’ ಎಂಬ ನೆಪ 97ನೇ ಕಲಮಿನಡಿ ನಡೆಯದು (ವಾರ್ಡಿನಲ್ಲಿ ಮಾತ್ರ ನಡೆಯುವ ನೆಪ ಅದೊಂದೇ!). ರೋಗಿ ನೇಮಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಕೇಸ್ ಶೀಟಿನಲ್ಲಿ ‘ಉದ್ರಿಕ್ತ, ಕಟ್ಟಲಾಗಿದೆ’ ಎಂಬ ಒಂದೇ ಸಾಲು ಸಾಲದು. ಯಾಕೆ, ಹೇಗೆ, ಎಷ್ಟು ಹೊತ್ತು ಎಂಬುದಿರಬೇಕು.

ಕಟ್ಟುವ ಮೊದಲು ಮಾಡಬಹುದಾದದ್ದು ಬಹಳ. ನಾಲ್ಕು ಜನ ಮುತ್ತಿಕೊಂಡು ಗದರುವ ಬದಲು ಒಬ್ಬರೇ ಮಾತಾಡಲಿ. ಎರಡು ತೋಳಿನಷ್ಟು ದೂರ ನಿಲ್ಲಲಿ, ಬಾಗಿಲಿಗೆ ಅಡ್ಡ ಬರದಿರಲಿ. ‘ನೀರು ಕುಡಿತೀರೇನ್ರೀ?’ ಎಂದು ಕೇಳಿ ನೋಡಲಿ. ಕಟ್ಟಲೇಬೇಕಾದರೆ ಹಗ್ಗ ಬೇಡ, ಅಗಲವಾದ ಮೆತ್ತನೆಯ ಪಟ್ಟಿ ಇರಲಿ, ಅದರೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಬೋರಲು ಮಲಗಿಸಿ ಬೆನ್ನೊತ್ತಿದರೆ ಉಸಿರು ಕಟ್ಟುತ್ತದೆ. 15 ನಿಮಿಷಕ್ಕೊಮ್ಮೆ ಉಸಿರು, ಬೆರಳ ಬಣ್ಣ, ಮೈಬಿಸಿ ನೋಡಿ, ಎಚ್ಚರವಿದ್ದರೆ ತಲೆ ಎತ್ತಿಸಿ ನೀರು ಕುಡಿಸಬೇಕು.

ಅನಾಹುತದ ಭಯಕ್ಕೆ ಫ್ಯಾನನ್ನೇ ತೆಗೆಸುವುದು ಈ ಊರಿಗೆ ಹೇಳಿಸಿದ್ದಲ್ಲ, ಫ್ಯಾನಿಗೆ ಗಟ್ಟಿ ಜಾಲರಿ ಹಾಕಿಸಿದರಾಯಿತು. ಸ್ವಂತ ಬಟ್ಟೆ ತೊಡುವ ಹಕ್ಕು ಕಾಯ್ದೆಯಲ್ಲೇ ಇದೆ, ಮನೆಯ ಹತ್ತಿ ಬಟ್ಟೆ ಉಡಲು ಬಿಡಿ.

ಕಲಬುರಗಿ, ಬೀದರ್, ಯಾದಗಿರಿಯ ಆಸ್ಪತ್ರೆಗಳು ಮಾರ್ಚ್ ಮುಗಿಯುವುದರೊಳಗೆ ಲಿಥಿಯಂ ರೋಗಿಗಳೆಲ್ಲರ ರಕ್ತ ಪರೀಕ್ಷೆ ಮಾಡಿಸಲಿ. ರಾತ್ರಿಯ ಮಾತ್ರೆಯಾಗಿ 12 ಗಂಟೆ ಕಳೆದ ಮೇಲೆ, ಬೆಳಗಿನ ಮಾತ್ರೆಗೆ ಮೊದಲು ರಕ್ತ ತೆಗೆಯಬೇಕು. ಮಾತ್ರೆ ನುಂಗಿಸಿ ತೆಗೆದ ರಕ್ತದ ರಿಪೋರ್ಟ್ ನಂಬುವಂತಿಲ್ಲ.

– ಮನೋರೋಗ ವಿಭಾಗದ ಶುಶ್ರೂಷಕಿಯರು, ಕಲಬುರಗಿ