ಸೀನಿದ್ದು ಒಂದು, ಶೋಗೆ ಹೋಗಿದ್ದು ಇನ್ನೊಂದು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪೇಪರಲ್ಲಿ ಸಾಕು ಇಲಿಗಳ ಶೋ ಫೋಟೋ ಒಂದು ಹಾಕಿದ್ರಿ, ಬಿಳಿ ಕೋಟು ಹಾಕಿರೋ ಜಡ್ಜ್ ಕೈಮೇಲೆ ಒಂದು ಕರಿತಲೆ ಇಲಿ ಕೂತಿರೋದು. ಅದು ನಮ್ಮನೆ ಚುಕ್ಕಿ. ಫೋಟೋ ನೋಡಿ ಫೋನ್ ಮಾಡ್ದೋರೆಲ್ಲ ನಕ್ಕಿದ್ದೇ ನಕ್ಕಿದ್ದು, ಇಲಿಗೂ ಶೋನಾ ಅಂತ. ನಗ್ಲಿ ಬಿಡಿ. ಆದ್ರೆ ಫೋಟೋದಲ್ಲಿ ಕಾಣ್ದೇ ಇರೋ ವಿಷಯ ಒಂದಿದೆ, ಅದಕ್ಕೇ ಈ ಪತ್ರ, ಯಾಕಂದ್ರೆ ಇದನ್ನ ಓದ್ಲೇಬೇಕಾದ ಹುಡುಗ ಒಬ್ಬ ಇದಾನೆ, ಅವನ ಹೆಸರೂ ಕೇಳ್ಕೊಳ್ಲಿಲ್ಲ ನಾನು, ನಂಬರೂ ಇಸ್ಕೊಳ್ಲಿಲ್ಲ.

ನಕ್ಕೋರಿಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗ್ತೀನಿ. ಇಲಿ ಶೋ ಅನ್ನೋದು ಇವತ್ತು ನಿನ್ನೆ ಶುರುವಾದ ಹುಚ್ಚಲ್ಲ. ಇಂಗ್ಲೆಂಡಲ್ಲಿ ಮೇರಿ ಡಗ್ಲಸ್ ಅಂತ ಒಬ್ರು, ಅಲ್ಲಿದ್ದ ಚಿಟ್ಟಿಲಿ ಸಾಕೋರ ಕ್ಲಬ್ಬಿಗೆ ಬರೆದು ನಮ್ಮ ದೊಡ್ಡ ಇಲಿಗಳನ್ನೂ ಸೇರಿಸ್ಕೊಳ್ಳಿ ಅಂತ ಕೇಳಿದ್ರು, ಅವರು ಒಪ್ಪಿದ್ರು, 1901ರ ಅಕ್ಟೋಬರ್ 24ಕ್ಕೆ ಐಲ್ಸ್‌ಬರಿಯಲ್ಲಿ ಮೊದಲ ಸಲ ಇಲಿಗಳು ಶೋ ಟೇಬಲ್ ಹತ್ತಿದ್ವು. ಗೆದ್ದಿದ್ದೂ ಆಯಮ್ಮನ ಕಪ್ಪುಬಿಳುಪು ಇಲೀನೇ. ಅದಕ್ಕೂ ಮುಂಚೆ ವಿಕ್ಟೋರಿಯಾ ರಾಣಿ ಕಾಲದಲ್ಲಿ ಜ್ಯಾಕ್ ಬ್ಲ್ಯಾಕ್ ಅಂತ ಇಲಿ ಹಿಡಿಯೋನು ಒಬ್ಬ ಇದ್ದ, ಹಿಡಿದಿದ್ರಲ್ಲಿ ಬಣ್ಣ ಚೆನ್ನಾಗಿರೋದನ್ನ ಇಟ್ಕೊಂಡು ಮರಿ ಮಾಡಿಸಿ ಮಾರ್ತಿದ್ದ. ಇಲಿ ಹಿಡಿಯೋನೇ ಇಲಿ ಸಾಕಿದ್ದು, ನೋಡಿ.

ಈಗ ನಮ್ಮ ಕಥೆ. ನಮ್ಮನೇಲಿರೋದು ಎರಡು ಹೆಣ್ಣು, ಒಂದೇ ಗೂಡು. ಚುಕ್ಕಿ ಹುಡೆಡ್, ಅಂದ್ರೆ ತಲೆ ಭುಜ ಕಪ್ಪು, ಅಲ್ಲಿಂದ ಬೆನ್ನುದ್ದಕ್ಕೂ ಒಂದು ಕಪ್ಪು ಪಟ್ಟಿ, ಮಿಕ್ಕಿದ್ದೆಲ್ಲ ಬಿಳಿ. ಮಸಿ ಬರ್ಕ್‌ಶೈರ್, ಮೇಲೆಲ್ಲ ಕಪ್ಪು, ಹೊಟ್ಟೆ ಮಾತ್ರ ಬಿಳಿ. ಶೋ ಅಂತ ಗೊತ್ತಾದ ದಿನದಿಂದ ನನ್ನ ಮಗಳು ನನ್ನ ಬಿಡ್ಲಿಲ್ಲ, ಅಮ್ಮ ಹೋಗೋಣ ಅಮ್ಮ ಹೋಗೋಣ ಅಂತ. ಸರಿ ಅಂತ ಇಬ್ರನ್ನೂ ಪೆಟ್ ಕ್ಲಾಸಿಗೆ ಹೆಸರು ಕೊಟ್ವಿ. ಮೊದಲ ಸಲ ಹೋಗೋರು ಅದಕ್ಕೇ ಸೇರೋದು ಒಳ್ಳೇದು, ಬಣ್ಣದ ಕ್ಲಾಸಲ್ಲಿ ಚುಕ್ಕಿಯಂಥವಳ ಬೆನ್ನಿನ ಪಟ್ಟಿ ಎಲ್ಲಾದ್ರೂ ತುಂಡಾಗಿದ್ರೆ ಪಾಯಿಂಟ್ ಹೋಗುತ್ತೆ, ಪೆಟ್ ಕ್ಲಾಸಲ್ಲಿ ನೋಡೋದು ಆರೋಗ್ಯವಾಗಿದೆಯಾ, ಕ್ಲೀನಾಗಿದೆಯಾ, ಗುರುತಿಲ್ಲದವರ ಕೈಯಲ್ಲಿ ಗಾಬರಿ ಇಲ್ದೆ ಕೂರುತ್ತಾ, ಇಷ್ಟೇ.

ಒಂದು ವಾರ ನಮ್ಮನೇಲಿ ಬಾಲದ್ದೇ ಮಾತು. ಇಲಿ ಮೈಯನ್ನ ಅದೇ ನೆಕ್ಕಿ ನೆಕ್ಕಿ ಕ್ಲೀನ್ ಇಟ್ಕೊಳ್ಳುತ್ತೆ, ಬಾಲದ ಬುಡ ಮಾತ್ರ ಹಾಗಲ್ಲ, ಹುರುಪೆಗಳ ಸಂದೀಲಿ ಕಂದುಬಣ್ಣದ ಕೊಳೆ ಕೂತ್ಕೊಂಡ್ಬಿಡುತ್ತೆ. ಬೆಚ್ಚಗಿನ ನೀರು, ಮಕ್ಕಳ ಶಾಂಪೂ ಒಂದು ಹನಿ, ಮೆತ್ತನೆ ಟೂತ್‌ಬ್ರಷ್, ಬುಡದಿಂದ ತುದಿ ಕಡೆಗೇ ಉಜ್ಜಬೇಕು, ಉಲ್ಟಾ ಉಜ್ಜಿದ್ರೆ ಹುರುಪೆ ಏಳುತ್ತೆ. ಬಾಲ ಹಿಡಿದು ಎತ್ತೋದಂತೂ ಕೂಡ್ದು, ಚರ್ಮ ಕಿತ್ಕೊಂಡು ಬರುತ್ತೆ, ಒಮ್ಮೆ ಬಂದ್ರೆ ಮತ್ತೆ ಬೆಳಿಯಲ್ಲ. ಮಗಳು ಚುಕ್ಕೀನ ಟವೆಲ್ಲಲ್ಲಿ ಸುತ್ತಿ ಎದೆಗೆ ಒತ್ತಿ ಹಿಡ್ಕೊಂಡಿದ್ಲು, ನಾನು ಉಜ್ತಿದ್ದೆ, ಚುಕ್ಕಿ ಆರಾಮಾಗಿ ಹಲ್ಲು ಕಟಕಟ ಮಾಡ್ತಾ ಕಣ್ಣು ಒಳಗೆ ಹೊರಗೆ ಕುಣಿಸ್ತಾ ಇದ್ಲು, ಖುಷಿ ಇದ್ದಾಗ ಹಾಗೆ ಮಾಡ್ತವೆ, ಗೊತ್ತಿಲ್ದೇ ಇರೋರು ನೋಡಿದ್ರೆ ಫಿಟ್ಸ್ ಬಂತು ಅಂತ ಓಡಿ ಹೋಗ್ಬೇಕು.

ಶೋಗೆ ಎರಡು ದಿನ ಇದ್ದಾಗ ಮಸಿ ಸೀನಿದ್ಲು. ಒಂದಲ್ಲ, ಆರೇಳು ಸಲ. ಮೂಗಿನ ಹತ್ರ ಕೆಂಪಗೆ ಏನೋ ಅಂಟಿತ್ತು, ಮಗಳು ರಕ್ತ ಅಂತ ಅತ್ತೇಬಿಟ್ಲು. ಅದು ರಕ್ತ ಅಲ್ಲ, ಇಲಿಯ ಕಣ್ಣಿನ ಹಿಂದೆ ಇರೋ ಗ್ರಂಥಿಯಿಂದ ಬರೋ ಪಾರ್ಫಿರಿನ್ ಅನ್ನೋ ಬಣ್ಣ ಸೇರಿರೋ ಕೆಂಪು ದ್ರವ, ಮೈ ಸರಿಯಿಲ್ದಾಗ, ಹೆದರಿಕೆ ಆದಾಗ ಜಾಸ್ತಿ ಇಳಿಯುತ್ತೆ. ಇಷ್ಟೆಲ್ಲ ನಂಗೆ ಗೊತ್ತಿತ್ತು. ಗೊತ್ತಿದ್ದೂ ನಾನೇನು ಮಾಡ್ದೆ? ಸರಿ ಮಸಿ ಬೇಡ, ಮನೇಲೇ ಇರ್ಲಿ, ಚುಕ್ಕಿ ಚೆನ್ನಾಗಿದಾಳಲ್ಲ ಅವಳನ್ನ ಕರ್ಕೊಂಡು ಹೋಗೋಣ ಅಂದೆ. ಅಷ್ಟೊತ್ತಿಗೆ ನನ್ನಷ್ಟು ಜವಾಬ್ದಾರಿ ಇರೋರು ಯಾರೂ ಇಲ್ಲ ಅಂತ ನನಗೇ ಅನ್ಸಿತ್ತು, ಆ ಬಾಲ ಉಜ್ಜಿದ್ದೆಲ್ಲ ವೇಸ್ಟ್ ಆಗ್ಬಾರ್ದು ಅನ್ನೋದೂ ಒಳಗೆ ಇತ್ತು ಅಂತ ಈಗ ಒಪ್ಕೋತೀನಿ.

ಶೋ ಜಾಗದಲ್ಲಿ ಎಲ್ಲ ಇಲಿಗೂ ಒಂದೇ ಥರದ ಪ್ಲಾಸ್ಟಿಕ್ ಡಬ್ಬ, ಮೇಲೆ ಸಂದಿ ಸಂದಿ ಮುಚ್ಚಳ, ಒಳಗೆ ಮರದ ಹೊಟ್ಟು, ಒಂದು ಸೌತೆಕಾಯಿ ತುಂಡು. ನೀರಿನ ಬಾಟ್ಲಿ ಇಡಲ್ಲ, ಅದು ಸೋರಿ ಹೊಟ್ಟೆಲ್ಲ ಒದ್ದೆಯಾಗುತ್ತೆ, ಬಾಯಾರಿದ್ರೆ ಸೌತೆಕಾಯೀನೇ ಸಾಕು. ಡಬ್ಬದ ಮೇಲೆ ಹೆಸರಿಲ್ಲ, ನಂಬರ್ ಮಾತ್ರ, ಯಾರ ಇಲಿ ಅಂತ ಜಡ್ಜಿಗೆ ಗೊತ್ತಾಗ್ಬಾರ್ದಲ್ಲ. ಡಬ್ಬಗಳನ್ನ ಒಂದಕ್ಕೊಂದು ತಾಗಿಸಿ ಸಾಲಾಗಿ ಜೋಡಿಸಿದ್ರು. ಚುಕ್ಕೀದು 16. ಪಕ್ಕದ 17ರಲ್ಲಿ ಒಂದು ಬಿಸ್ಕೆಟ್ ಬಣ್ಣದ ಡಂಬೋ ಗಂಡು, ಕಿವಿ ದೊಡ್ಡದಾಗಿ ತಲೆ ಪಕ್ಕದಲ್ಲಿ ಸ್ವಲ್ಪ ಕೆಳಗೆ ಇರುತ್ತಲ್ಲ, ಅದು. ಎಡಗಿವಿ ತುದೀಲಿ ಒಂದು ಸಣ್ಣ ಹರಕು. ಅದರ ಯಜಮಾನ ಹತ್ತು ಹನ್ನೊಂದು ವರ್ಷದ ಹುಡುಗ, ಅವನಿಗೂ ಇದೇ ಮೊದಲ ಶೋ, ಆಂಟಿ ಇವನು ಬೇರೆಯವ್ರ ಕೈಗೆ ಹೋದ್ರೆ ಕಚ್ತಾನಾ ಅಂತ ನನ್ನ ಕೇಳ್ದ, ನಂಗೇನೋ ನೂರು ಶೋ ನೋಡಿರೋಳ ಹಾಗೆ. ಕಚ್ಚಿದ್ರೆ ಔಟ್ ಮಾಡ್ತಾರೆ, ಆದ್ರೆ ನಿನ್ನ ಇಲಿ ಮುಖ ನೋಡಿದ್ರೆ ಕಚ್ಚೋ ಥರ ಕಾಣಲ್ಲಪ್ಪ ಅಂದೆ. ಕಚ್ಲಿಲ್ಲ. ಎರಡೂ ಇಲಿ ಡಬ್ಬದ ಸಂದೀಲಿ ಮೂಗು ಮೂಗು ಇಟ್ಕೊಂಡು ಮಾತಾಡ್ಕೊಂಡ್ವು, ನಮಗೆ ಅದು ಮುದ್ದಾಗಿ ಕಾಣ್ತು, ಫೋಟೋ ಬೇರೆ ತೆಗೆದ್ವಿ.

ಜಡ್ಜ್ ಚುಕ್ಕೀನ ಎದೆ ಕೆಳಗೆ ಕೈ ಕೊಟ್ಟು ಎತ್ತಿದ್ರು, ಬಾಲ ಬುಡದಿಂದ ತುದಿವರೆಗೂ ಬೆರಳಲ್ಲಿ ಸವರಿ ಎಲ್ಲಾದ್ರೂ ಮುರುಕಿದೆಯಾ ನೋಡಿದ್ರು, ಹಲ್ಲು ನೋಡಿದ್ರು, ಉಗುರು ನೋಡಿದ್ರು. ಚುಕ್ಕಿ ಕೋಟಿನ ತೋಳ ಮೇಲೆ ಒಂದು ಗೆರೆ ಉಚ್ಚೆ ಎಳೆದು ಭುಜ ಹತ್ತಿ ಕೂತ್ಲು. ಮೂರನೇ ಬಹುಮಾನ ಬಂತು. ಬಾಗಿಲಲ್ಲಿ ಒಳಗೆ ಬರೋವಾಗ ನಂಬರ್ ಕೇಳಿದ್ರು, ಫೀಸ್ ಇಸ್ಕೊಂಡ್ರು, ಮನೇಲಿ ಯಾವ್ದಾದ್ರೂ ಇಲಿ ಸೀನ್ತಿದೆಯಾ ಅಂತ ಒಬ್ರೂ ಕೇಳ್ಲಿಲ್ಲ. ಕೇಳಿದ್ರೆ ನಾನು ನಿಜ ಹೇಳ್ತಿದ್ದೆ ಅಂತ ಅನ್ಕೊಂಡಿದೀನಿ.

ಮಾರನೇ ದಿನ ಮಸಿ ದವಡೆ ಕೆಳಗೆ ಊತ, ಮಾವಿನ ಓಟೆ ನುಂಗಿದ ಹಾಗೆ. ಮೂರು ದಿನಕ್ಕೆ ಚುಕ್ಕಿಗೂ ಅದೇ. ಡಾಕ್ಟ್ರು ನೋಡಿ ಇದು ಎಸ್‌ಡಿಎ ಥರ ಕಾಣ್ತಿದೆ ಅಂದ್ರು, ಇಲಿಗಳಲ್ಲಿ ಬರೋ ಒಂದು ಕೊರೊನಾ ವೈರಸ್ಸಂತೆ, ನಮಗೆ ಅಂಟಲ್ಲ, ಇಲಿಯಿಂದ ಇಲಿಗೆ ಮಾತ್ರ, ಮುಟ್ಟಲೇಬೇಕು ಅಂತಿಲ್ಲ ಗಾಳೀಲೂ ಹರಡುತ್ತೆ, ಜೊಲ್ಲಿನ ಗ್ರಂಥಿ ಊದ್ಕೊಳ್ಳುತ್ತೆ. ವೈರಸ್ಸಿಗೆ ಔಷಧಿ ಇಲ್ಲ, ಅದರ ಜೊತೆ ಶ್ವಾಸಕೋಶಕ್ಕೆ ಬೇರೆ ಇನ್ಫೆಕ್ಷನ್ ಹತ್ತದೇ ಇರ್ಲಿ ಅಂತ ಆಂಟಿಬಯಾಟಿಕ್ ಕೊಟ್ರು. ಸಾಕು ಇಲಿಗಳಲ್ಲಿ ಹೆಚ್ಚಿನವು ಮೈಕೋಪ್ಲಾಸ್ಮಾ ಅನ್ನೋ ರೋಗಾಣು ಮೊದಲೇ ಇಟ್ಕೊಂಡಿರ್ತವೆ, ಮೈ ಸೋತಾಗ ಅದು ಎದ್ದೇಳುತ್ತೆ. ಆಮೇಲೆ ಡಾಕ್ಟ್ರು ಕೇಳಿದ್ದು ಒಂದೇ ಪ್ರಶ್ನೆ, ಎರಡೂ ಒಂದೇ ಗೂಡಲ್ಲಿದ್ವಾ? ಹೌದು ಸಾರ್ ಅಂದೆ. ಹಾಗಾದ್ರೆ ಒಂದು ಸೀನಿದ್ರೆ ಎರಡೂ ಸೀನಿದ ಹಾಗೇ ಅಲ್ವೇನಮ್ಮ ಅಂದ್ರು. ತಲೆ ತಗ್ಗಿಸ್ಕೊಂಡು ಬಂದೆ.

ಸೀನೆಲ್ಲ ಕಾಯಿಲೆ ಅಲ್ಲ, ಒಪ್ತೀನಿ. ಹೊಟ್ಟಿನ ಧೂಳಿಗೂ ಸೀನ್ತವೆ, ಹೊಸ ಗೂಡಿಗೆ ಬಂದಾಗ್ಲೂ ಸೀನ್ತವೆ. ಆದ್ರೆ ಯಾವ ಸೀನು ಯಾವುದು ಅಂತ ಮನೇಲಿ ಕೂತು ಹೇಳಕ್ಕಾಗಲ್ಲ, ಅನುಮಾನ ಇದ್ರೆ ಆ ಗೂಡಿನ ಒಂದು ಇಲೀನೂ ಶೋಗೆ ಹೋಗ್ಬಾರ್ದು, ಚೆನ್ನಾಗಿ ಕಾಣೋದೂ ಹೋಗ್ಬಾರ್ದು. ಹೋಗಿ ಬಂದ ಇಲೀನ ಮನೇಲಿರೋ ಮಿಕ್ಕಿದ್ದರ ಜೊತೆ ತಕ್ಷಣ ಬಿಡದೆ ಎರಡು ವಾರ ಬೇರೆ ಇಟ್ರೆ ಒಳ್ಳೇದು, ಬೇರೆ ಅಂದ್ರೆ ಪಕ್ಕದ ಗೂಡಲ್ಲ, ಒಂದೇ ಗಾಳಿ ಓಡಾಡದ ಜಾಗ, ಎಷ್ಟು ಜನರ ಮನೇಲಿ ಅಂಥ ಜಾಗ ಇರುತ್ತೆ ಅನ್ನೋದು ಬೇರೆ ಮಾತು. ಆ ಶೋ ಪ್ರಕಟಣೆ ನಿಮ್ಮ ಪೇಪರಲ್ಲೂ ಬಂದಿತ್ತು, ತೆಗೆದು ಮತ್ತೆ ಓದಿದೆ, ಟೈಮ್ ಇದೆ, ಕ್ಲಾಸುಗಳ ಹೆಸರಿದೆ, ಆರೋಗ್ಯದ ಬಗ್ಗೆ ಒಂದಕ್ಷರ ಇಲ್ಲ. ಇನ್ಮುಂದೆ ಇಂಥ ಪ್ರಕಟಣೆ ಬಂದಾಗ ಶೋ ಮಾಡೋರ ಹತ್ರ ಆ ಒಂದು ಸಾಲು ಕೇಳಿ ಹಾಕಿಸಿ, ಸೀನ್ತಿರೋ ಇಲಿ ಇರೋ ಮನೆಯವರು ಈ ಸಲ ಬರ್ಬೇಡಿ ಅಂತ. ಓದಿದ್ರೆ ನಾನು ಮನೇಲೇ ಇರ್ತಿದ್ನೇನೋ.

ಮಸಿ ನಿನ್ನೆಯಿಂದ ಗಟ್ಟಿ ಕಾಳು ತಿಂತಿದಾಳೆ, ಚುಕ್ಕಿ ಊತಾನೂ ಇಳಿದಿದೆ, ಕಣ್ಣಿನ ಸುತ್ತ ಇನ್ನೂ ಸ್ವಲ್ಪ ಕೆಂಪು. ಶೋ ಆಗಿ ಇವತ್ತಿಗೆ ಹನ್ನೆರಡು ದಿನ. ಶೋ ಮಾಡಿದೋರಿಗೆ ಫೋನ್ ಮಾಡಿ ಎಲ್ಲ ಹೇಳಿ 17ರವ್ರ ನಂಬರ್ ಕೇಳ್ದೆ, ಬೇರೆಯವರ ನಂಬರ್ ಕೊಡಕ್ಕಾಗಲ್ಲ ಅಂದ್ರು, ನಾವೇ ತಿಳಿಸ್ತೀವಿ ಅಂದ್ರು, ತಿಳಿಸಿದ್ರೋ ಇಲ್ವೋ ಅಂತ ಕೇಳಕ್ಕೆ ಮತ್ತೆ ಮಾಡಿದ್ರೆ ಫೋನ್ ಎತ್ತಲ್ಲ. 17ನೇ ಡಬ್ಬದ ಆ ಹುಡುಗನ ಮನೆಯವರು ಇದನ್ನ ಓದ್ತಿದ್ರೆ, ಬಿಸ್ಕೆಟ್ ಬಣ್ಣದ ಡಂಬೋ, ಎಡಗಿವಿ ತುದಿ ಹರಿದಿರೋದು, ಅವನ ದವಡೆ ಕೆಳಗೆ ಎರಡೂ ಕಡೆ ಮೆತ್ತಗೆ ಬೆರಳಿಟ್ಟು ನೋಡಿ, ಊತ ಇದ್ರೆ, ಉಸಿರು ಗೊರಗೊರ ಅಂತಿದ್ರೆ ಇವತ್ತೇ ಡಾಕ್ಟ್ರ ಹತ್ರ ಹೋಗಿ.

ಇಂತಿ,
16ನೇ ಡಬ್ಬದವರು