ಎಲ್ಲದಕ್ಕೂ ಕರ್ಮವೇ ಕಾರಣವಾ?

ಮಾನ್ಯರೇ,

ಮಳೆಗೆ ಮೊದಲೇ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಿದ ಅಡಿಕೆ ತೋಟದಲ್ಲೂ ಕೊಳೆರೋಗ ಬರುತ್ತದೆ, ಹಸಿರು ಅಡಿಕೆ ಉದುರಿ ಅದರ ಮೇಲೆ ಬಿಳಿ ಬೂಸ್ಟು ಕೂತಿರುತ್ತದೆ, ನೋಡಿದವರು 'ಎಲ್ಲಾ ಕರ್ಮ' ಅಂದು ಹೋಗುತ್ತಾರೆ. ರೋಗ ತರುವ ಫೈಟೊಫ್ತೊರಾ ಅನ್ನುವ ಸೂಕ್ಷ್ಮಜೀವಿಗೆ ನಮ್ಮ ಪಾಪಪುಣ್ಯದ ಲೆಕ್ಕ ಗೊತ್ತಿರುತ್ತದಾ?

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾಯಿತು. ಇವತ್ತಿಗೂ ದರಗು, ಸೌದೆ ತರಲು ಹೋದವರಿಗೆ ಉಣುಗು ಕಚ್ಚಿ ಜ್ವರ ಬರುತ್ತದೆ. ಅವರ ತಪ್ಪೇನು? ಕಾಡಿಗೆ ಹೋಗಿದ್ದು, ಅಷ್ಟೇ ಅಲ್ವಾ.

'ಯಾಕೆ' ಅಂತ ಮನುಷ್ಯ ಕೇಳುತ್ತಲೇ ಇರುತ್ತಾನೆ, ಲೋಕ ಸುಮ್ಮನಿರುತ್ತದೆ, ಇದೇ ಅಸಂಗತ ಅಂದವರು ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂ. ಅವರಿಗೆ ದೇವರು ಬೇಕಾಗಲಿಲ್ಲ. ಅದಕ್ಕೂ ನೂರು ವರ್ಷ ಮೊದಲು ಡೆನ್ಮಾರ್ಕಿನ ತತ್ವಜ್ಞಾನಿ ಕೀರ್ಕೆಗಾರ್ಡ್, ಖಚಿತವಾಗಿ ಗೊತ್ತಿಲ್ಲದ ಕಡೆಯೇ ನಂಬಿಕೆಗೆ ಜಾಗ ಅಂದಿದ್ದರು. ನನಗೆ ಇವರೇ ಹತ್ತಿರ. ನಮ್ಮ ಪಕ್ಕದ ಮನೆಯ ಅಜ್ಜಿ ಮಗನನ್ನು ಕಳೆದುಕೊಂಡವರು, ದಿನಾ ದೀಪ ಹಚ್ಚುತ್ತಾರೆ, ಹಚ್ಚುತ್ತಲೇ ದೇವರಿಗೆ ಬಾಯಿಗೆ ಬಂದಂತೆ ಬೈಯುತ್ತಾರೆ. ಭಾಷಣ ಬಿಗಿಯುವ ಎಷ್ಟೋ ಭಕ್ತರಿಗಿಂತ (ಹೆಸರು ಬೇಡ ಬಿಡಿ) ಈ ಬೈಗುಳದಲ್ಲೇ ನನಗೆ ನಂಬಿಕೆ ಜಾಸ್ತಿ ಕಾಣುತ್ತದೆ.

ಒಂದೇ ವಿನಂತಿ. ಸಾವಿನ ಮನೆಗೆ ಹೋದಾಗ ಹಿಂದಿನ ಜನ್ಮದ ಲೆಕ್ಕ ತೆಗೆಯಬೇಡಿ. ಕೊಟ್ಟಿಗೆಯಲ್ಲಿ ಹಸು ಕೂಗುತ್ತಿದ್ದರೆ ಹುಲ್ಲು ಹಾಕಿ ಬನ್ನಿ, ಆ ಹೊತ್ತಿಗೆ ಅದು ಯಾರಿಗೂ ನೆನಪಿರುವುದಿಲ್ಲ.

– ಒಬ್ಬ ಓದುಗ, ತೀರ್ಥಹಳ್ಳಿ